ಮೈಲಾರಿ ಕೊಂಡು ತಂದ ಕಪ್

ಸ್ಪರ್ಧೆಗೆ ಹೋಗಿ ಬಂದ ಮಗುವಿಗೆ ಅಮ್ಮಿನಬಾವಿಯಲ್ಲಿ ಮೊದಲು ಯಾರೂ ನೀರು ಕೊಡುವುದಿಲ್ಲ. "ನಂಬರ ಬಂತೇನು?" ಎಂದು ಕೇಳುತ್ತಾರೆ. ಕಟ್ಟೆಯ ಮೇಲೆ ಕೂತವರು ಕೇಳುತ್ತಾರೆ, ನಳದ ಹತ್ತಿರ ಕೊಡ ಹಿಡಿದವರು ಕೇಳುತ್ತಾರೆ. ಬಂತು ಅಂದರೆ ಶಹಬ್ಬಾಸ್. ಇಲ್ಲ ಅಂದರೆ "ಹೋಗ್ಲಿ ಬಿಡು" ಅಂತ ಒಂದು ನಿಟ್ಟುಸಿರು.

ಮೈಲಾರಿಗೆ ಆ ನಿಟ್ಟುಸಿರಿನದೇ ಅಂಜಿಕೆ. ಅವನು ಊರಿನ ಕಾಯಿಪಲ್ಲೆಯನ್ನು ಮೂರು ಗಾಲಿಯ ಟಂಟಂನಲ್ಲಿ ಹೇರಿಕೊಂಡು ದಿನಾ ಧಾರವಾಡದ ಮಾರುಕಟ್ಟೆಗೆ ಹೋಗುವವನು. ಮಗಳು ವಿದ್ಯಾ ಏಳನೇ ತರಗತಿ. ಆ ಶನಿವಾರ ಧಾರವಾಡದಲ್ಲಿ ಶಾಲಾ ಮಕ್ಕಳಿಗೆ ಮಣ್ಣಿನ ಮಾದರಿ ಮಾಡುವ ಸ್ಪರ್ಧೆ ಇತ್ತು. ವಿದ್ಯಾ ಒಳಗೆ ಕೂತು ಜೋಡೆತ್ತು ಮಾಡಿದಳು. ಮೈಲಾರಿ ಹೊರಗೆ ಗಾಡಿಯ ಹತ್ತಿರ ಕಾದ. ಮಗಳು ಬರಿಗೈಯಲ್ಲಿ ಓಡಿ ಬಂದಳು.

"ಅಪ್ಪಾ, ಅಲ್ಲಿ ಏನಾತಂದ್ರ..."

"ನಂಬರ?"

"ಬರಲಿಲ್ಲಪಾ. ಆದ್ರ..."

"ಆತು ಬಿಡವ್ವ. ಗಾಡಿ ಹತ್ತು."

ದಾರಿಯಲ್ಲಿ ಒಂದು ಅಂಗಡಿಯ ಮುಂದೆ ಅವನು ಗಾಡಿ ನಿಲ್ಲಿಸಿ ಒಳಗೆ ಹೋದ. ಬಹಳ ಹೊತ್ತಿನ ಮೇಲೆ ಹೊರಗೆ ಬಂದಾಗ ಕೈಯಲ್ಲಿ ಮೊಳದುದ್ದದ ಬಂಗಾರ ಬಣ್ಣದ ಕಪ್ ಇತ್ತು. ಅದರ ಬುಡದಲ್ಲಿ 'ಕುಮಾರಿ ವಿದ್ಯಾ, ಪ್ರಥಮ ಸ್ಥಾನ' ಎಂದು ಕೆತ್ತಿಸಿದ್ದ.

"ಅಪ್ಪಾ, ಇದು ನಂದಲ್ಲ."

"ನಿಂದ ಅಂತ ತಿಳ್ಕೊ. ಊರಾಗ ಯಾರ ಮುಂದೂ ನಿನ್ನ ಮಾರಿ ಸಣ್ಣಾಗಬಾರ್ದವ್ವ," ಎಂದು ಗಾಳಿಗೆ ಹಾರುತ್ತಿದ್ದ ಅವಳ ಓಢಣಿಯನ್ನು ಕಿವಿ ಮುಚ್ಚುವಂತೆ ಸರಿಮಾಡಿದ.

ಅವತ್ತು ಮನೆ ತುಂಬ ಮಂದಿ. ಹೆಂಡತಿ ಕಸ್ತೂರೆವ್ವ ಬಾಗಿಲಲ್ಲೇ ಆರತಿ ಬೆಳಗಿದಳು. ಪಕ್ಕದ ಮನೆಯ ಮುದುಕಿ ಶೇವಂತೆವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ವಿದ್ಯಾ ಮಾತ್ರ ರೊಟ್ಟಿಯನ್ನು ಮುರಿಮುರಿದು ತಾಟಿನಲ್ಲೇ ಬಿಟ್ಟಳು.

ಮರುದಿನದಿಂದ ಅವಳು ಮಣ್ಣು ಮುಟ್ಟಲಿಲ್ಲ. ಹಿತ್ತಲ ಬುಟ್ಟಿಯಲ್ಲಿ ನೆನೆಹಾಕಿದ್ದ ಎರೆಮಣ್ಣು ಒಣಗಿ ಬಿರುಕು ಬಿಟ್ಟಿತು. ಮೈಲಾರಿ ಮುಂಜಾನೆ ಹೋಗುವಾಗ ಅದಕ್ಕೆ ನೀರು ಚಿಮುಕಿಸುತ್ತಿದ್ದ. ಸಂಜೆ ಬಂದು ನೋಡಿದರೆ ಬೆರಳಿನ ಗುರುತೂ ಇರುತ್ತಿರಲಿಲ್ಲ.

"ಗೆದ್ದು ಬಂದಾಕಿ ಯಾಕ ಹಿಂಗ ಮಂಕಾಗ್ಯಾಳ್ರೀ?" ಎಂದು ಕಸ್ತೂರೆವ್ವ ಕೇಳಿದಾಗ ಅವನು ಟಂಟಂನ ಗಾಲಿ ನೋಡುತ್ತ ಕೂತ.

ಮುಂದಿನ ಭಾನುವಾರ ಶಾಲೆಯ ಶಿಕ್ಷಕಿ ಸುಮಲತಾ ಅಕ್ಕೋರು ಮನೆಗೇ ಬಂದರು. ಸ್ಪರ್ಧೆಯ ದಿನ ಮಕ್ಕಳ ಜೊತೆ ಒಳಗಿದ್ದವರು ಅವರೇ.

"ವಾರ ಆತ್ರಿ, ವಿದ್ಯಾ ಶಾಲಿ ಬಿಟ್ಟ ಮ್ಯಾಲೆ ಮಣ್ಣಿನ ಕೆಲಸಕ್ಕ ನಿಲ್ಲವಲ್ಲಳು. ಆರಾಮ ಇಲ್ಲೇನೋ ಅಂತ ನೋಡಾಕ ಬಂದೆ."

ಮೈಲಾರಿ ಅವರಿಗೆ ಚಾಪೆ ಹಾಸಿದ. ಅಷ್ಟರಲ್ಲಿ ಒಳಗೆ ಬಂದ ಶೇವಂತೆವ್ವ ಗೋಡೆಯ ಮಾಡದಲ್ಲಿದ್ದ ಕಪ್ ಇಳಿಸಿ ತಂದು ಅವರ ಕೈಗೇ ಕೊಟ್ಟಳು. "ನಮ್ಮ ಹುಡುಗೀದು ನೋಡ್ರಿ ಅಕ್ಕೋರ! ಇಷ್ಟು ದೊಡ್ಡದು ಈ ಓಣ್ಯಾಗ ಯಾರಿಗೂ ಬಂದಿಲ್ಲ."

ಅಕ್ಕೋರು ಬುಡದ ಅಕ್ಷರ ಓದಿದರು. ಮೈಲಾರಿಯ ಮುಖ ನೋಡಿದರು. ಕಪ್ಪನ್ನು ಚಾಪೆಯ ಮೇಲಿಟ್ಟರು.

ಬಾಗಿಲ ಹಿಂದಿನಿಂದ ವಿದ್ಯಾಳ ದನಿ ಬಂತು. "ಅವ್ವಾ, ಅದು ಅಂಗಡೀದು. ನನಗ ನಂಬರ ಬಂದಿಲ್ಲ." ಅಂದವಳೇ ಬಿಕ್ಕಿ ಅಳತೊಡಗಿದಳು.

"ಖರೇನ್ರಿ?" ಕಸ್ತೂರೆವ್ವ ಗಂಡನತ್ತ ತಿರುಗಿದಳು.

"ಖರೇ. ನಾಕು ಮಂದಿ ಏನಾರ ಅಂದ್ರ ಅಕಿ ತಡಕೊಳ್ಳಾಕಿಲ್ಲ ಅಂತ... ನಾನ ತಂದೆ."

ಅಕ್ಕೋರು ಮೆಲ್ಲಗೆ ಹೇಳಿದರು: "ನಿಮ್ಮ ಕರುಳು ನನಗ ತಿಳೀತೈತ್ರಿ. ಆದ್ರ ಅವತ್ತು ವಿದ್ಯಾ ಅತ್ತಿಲ್ಲ. 'ಅಕ್ಕೋರ, ಈ ಸಲ ಎತ್ತು ನಿಂತಾವ್ರಿ!' ಅಂತ ನನ್ನ ಕೈ ಹಿಡದು ಕುಣದಾಳ. ಹೋದ ವರ್ಷ ಹೊತ್ತು ಮುಗಿಯೋದ್ರಾಗ ಅಕಿ ಎತ್ತಿನ ಕಾಲು ಮುರದಿದ್ವು. ಇದನ್ನ ಹೇಳಾಕನ ನಿಮ್ಮ ಕಡೆ ಓಡಿ ಬಂದಿದ್ಲು."

ಮೈಲಾರಿ ತಲೆ ತಗ್ಗಿಸಿದ. ಓಡಿ ಬಂದವಳ ಮಾತನ್ನು ಎರಡು ಸಲ ಕತ್ತರಿಸಿದವನು ತಾನೇ. ಸೋಲು ಅಂದರೆ ಮುಚ್ಚಿಡುವ ವಸ್ತು ಎಂದು ಮಗಳಿಗೆ ಕಲಿಸಿದವನೂ ತಾನೇ.

ಶೇವಂತೆವ್ವನಿಗೆ ಸಮಾಧಾನವಾಗಲಿಲ್ಲ. "ಅಲ್ರಿ ಅಕ್ಕೋರ, ನಂಬರ ಬರದಿದ್ರ ಅಷ್ಟು ದೂರ ಯಾಕ ಹೋಗಬೇಕು? ಮಣ್ಣೆತ್ತಿನ ಅಮಾಸಿಗೆ ಮನ್ಯಾಗ ಮಾಡಿದ್ರ ಸಾಕಲ್ಲ?"

"ಎವ್ವಾ, ನಿಮ್ಮ ರೊಟ್ಟಿ ಮೊದಲನೇ ದಿನಾನ ದುಂಡಗ ಬಂದಿತ್ತೇನು?"

"ಎಲ್ಲೀದ್ರಿ! ಇದೇನು ರೊಟ್ಟೀನೋ, ಹೊಲದ ನಕಾಶಿನೋ ಅಂತಿದ್ಲು ನಮ್ಮತ್ತಿ."

"ಮತ್ತ ಹೆಂಗ ಕಲತ್ರಿ?"

"ಬಾಜೂಮನಿ ಗಂಗವ್ವ ಬಡಿಯೂದು ನೋಡಿ ನೋಡಿ."

"ಹಂಗ ನೋಡಾಕನ ಕಳಸೂದ್ರಿ. ಹತ್ತೂರ ಮಕ್ಕಳು ಒಂದ ಕಡೆ ಕೂಡ್ತಾರ. ನಂಬರ ಮೂರ ಮಂದೀಗೆ. ಕಲಿಯೂದು ಮಾತ್ರ ಹೋದವರಿಗೆಲ್ಲಾ ಸಿಗತೈತಿ."

ಶೇವಂತೆವ್ವ "ಹಂಗಂದ್ರ ಖರೇ" ಎಂದು ಎಲೆಅಡಿಕೆ ಚೀಲಕ್ಕೆ ಕೈಹಾಕಿದಳು.

ಮೈಲಾರಿ ಎದ್ದು ಬಾಗಿಲ ಹಿಂದೆ ಮಗಳ ಪಕ್ಕ ಹೋಗಿ ಕೂತ. "ಅವತ್ತು ನಿನ್ನ ಮಾತು ಪೂರಾ ಕೇಳಲಿಲ್ಲವ್ವ, ತಪ್ಪಾತು. ಈಗ ಹೇಳು. ಎತ್ತು ಹೆಂಗ ನಿಂದ್ರಿಸಿದಿ?"

ವಿದ್ಯಾ ಮೂಗು ಒರೆಸಿಕೊಂಡಳು. "ಬರೇ ಎರಿಮಣ್ಣು ಒಣಗಿದ್ರ ಸೀಳತೈತಪಾ. ಅದಕ್ಕ ಹತ್ತಿ ಬಿಡಿಸಿ ಕಲಸಿದ್ನಿ. ಆದ್ರೂ ಒಂದು ಕೋಡು ಉದುರ್ತು. ನವನಗರದ ಹುಮಾ ಅಂತ ಹುಡುಗಿ, ಅಕಿಗೇ ಮೊದಲನೇ ನಂಬರ ಬಂದದ್ದು. ನೀ ಕೋಡು ಹೆಂಗ ಹಚ್ಚಿದಿ ಅಂತ ಕೇಳಿದ್ನಿ. ಕೋಡಿಗೂ ತಲೀಗೂ ಕಡ್ಡೀಲೆ ಗೀರಿ, ನಡುವ ತೆಳ್ಳನ ಕೆಸರು ಹಚ್ಚಿ ಒತ್ತಬೇಕಂತ."

"ಗೆದ್ದಾಕಿ ತಾನಾಗೇ ಹೇಳಿದ್ಲೇನು?"

"ಹೂಂ. ನಾನೂ ಅಕಿಗೆ ಹತ್ತಿದು ಹೇಳಿದ್ನಿ."

ಮೈಲಾರಿ ಹಿತ್ತಲಿಗೆ ಹೋಗಿ ಬುಟ್ಟಿ ಹೊತ್ತು ತಂದ. ಇಬ್ಬರೂ ಮಣ್ಣು ನಾದಿದರು. ಅವನು ಮಾಡಿದ ಎತ್ತಿಗೆ ಕೋಡು ಹಚ್ಚಿದ ಕೂಡಲೇ ಅದು ಕಳಚಿ ಬಿತ್ತು.

"ಅಪ್ಪಾ, ನೀ ಗೀರಲೇ ಇಲ್ಲ!" ವಿದ್ಯಾ ನಕ್ಕಳು. ಎಂಟು ದಿನದ ಮೇಲೆ ಆ ಮನೆಯಲ್ಲಿ ಕೇಳಿದ ನಗು.

"ಟಂಟಂ ಓಡಿಸಿದಂಗಲ್ಲೋ ಮೈಲಾರಿ ಅದು," ಎಂದು ಶೇವಂತೆವ್ವ ಕಾಲೆಳೆದಳು.

ವಿದ್ಯಾ ಅಪ್ಪನ ದಪ್ಪ ಬೆರಳು ಹಿಡಿದು ಕಡ್ಡಿಯಿಂದ ಗೀರುವುದನ್ನು ತೋರಿಸಿದಳು. ಈ ಸಲ ಕೋಡು ನಿಂತಿತು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲಿಗೆ ನಡೆದ.

"ಎಲ್ಲಿಗಪಾ?"

"ಊರ ಕಟ್ಟಿ ಕಡೆ. ಬಾ, ನೀನೂ ಬಾ. ನಂಬರ ಬಂದಿಲ್ಲ, ನಾ ಸುಳ್ಳು ಹೇಳಿದ್ನಿ ಅಂತ ನಾ ಹೇಳ್ತೇನಿ. ಎತ್ತು ಹೆಂಗ ನಿಂತಾವು ಅಂತ ನೀ ಹೇಳು."

ಮಣ್ಣಾದ ಕೈಯಲ್ಲೇ ಅಪ್ಪ-ಮಗಳು ಓಣಿಗೆ ಇಳಿದರು.

ಅಕ್ಕ-ಅಣ್ಣಂದಿರೇ, ನಿಮ್ಮ ಮಗುವೂ ನಾಳೆ ಓಟಕ್ಕೋ, ಹಾಡಿಗೋ, ಭಾಷಣಕ್ಕೋ ಹೋಗಬಹುದು. ತಿರುಗಿ ಬಂದಾಗ ಪಕ್ಕದಲ್ಲಿ ಕೂಡಿಸಿಕೊಳ್ಳಿ. ಅದರ ಮಾತು ಪೂರ್ತಿ ಮುಗಿಯಲಿ. ಹೋದ ಸಲ ಬಾರದ್ದು ಈ ಸಲ ಏನು ಬಂತು, ಯಾರಿಂದ ಏನು ಕಲಿತೆ ಎಂದು ಕೇಳಿ. ಗೆದ್ದು ಬಂದ ಮಗುವಿಗೂ ಇದನ್ನೇ ಕೇಳಿ. ಹಾಗೆ ಕೇಳುವವರು ಮನೆಯಲ್ಲಿದ್ದರೆ, ಮುಂದಿನ ಸಲ ಹೋಗಲು ಯಾವ ಮಗುವೂ ಅಂಜುವುದಿಲ್ಲ.