ಎಲ್ಲಾ ಏಳುವವರೆಗೆ

ಸೊಪ್ಪಿನಡಿ ಒಂದು ತಲೆ, ಎತ್ತಿದ ತಲೆ, ಅದರ ಮೇಲೆ ಹಿಪ್ಪುನೇರಳೆ ಎಲೆಯೊಂದು ನೆನೆದ ಕಂಬಳಿಯ ಹಾಗೆ ಬಿದ್ದುಕೊಂಡಿದೆ, ಶೈಲಜಾ ತೊಟ್ಟು ಹಿಡಿದು ಮೆಲ್ಲಗೆ ಎತ್ತಿದಳು, ಹುಳ ಅಲ್ಲಾಡಲಿಲ್ಲ, ಅಲ್ಲಾಡುವ ಹೊತ್ತಲ್ಲ ಅದಕ್ಕೆ, ಇನ್ನೂ ಜ್ವರದಲ್ಲೇ ಇದೆ — ಈ ಸೀಮೆಯ ರೇಷ್ಮೆಯವರೆಲ್ಲ ಹಾಗೇ ಅನ್ನುವುದು, ಹುಳ ಹಳೇ ಚರ್ಮ ಕಳಚುವ ಮುಂಚೆ ಮೇವು ಬಿಟ್ಟು, ಮೈ ಬಿಗಿದು, ಮುಂದಿನ ಅರ್ಧ ಮೈ ಮೇಲಕ್ಕೆತ್ತಿ ಕಲ್ಲಾಗಿ ಕೂರುತ್ತದಲ್ಲ, ಅದಕ್ಕೆ ಜ್ವರ ಅಂತ, ಹಾಗೆ ನಾಲ್ಕು ಸಲ, ಇದು ಕೊನೆಯದು. ಜ್ವರದಲ್ಲಿರುವ ಹುಳದ ಮೇಲೆ ಸೊಪ್ಪು ಹಾಕಬಾರದು. ದಿಬ್ಬೂರಹಳ್ಳಿಯಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತಿರುವ ಮಾತು ಇದು, ಎಲ್ಲಾ ಹುಳ ಏಳುವವರೆಗೆ ಕಾಯಬೇಕು, ಸುಣ್ಣದ ಪುಡಿ ಎರಚಿ ಹಾಸಿಗೆ ಒಣಗಿಸಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಬಂದುಬಿಡಬೇಕು, ಎಲ್ಲಾ ಎದ್ದ ಮೇಲೆ ಎಲ್ಲಕ್ಕೂ ಒಂದೇ ಸಲ ಮೇವು. ಮರಿಹುಳದ ಕೇಂದ್ರದಲ್ಲಿ ಅವಳು ಬರುವವರಿಗೆಲ್ಲ ಹೇಳಿಕೊಡುವ ಮೊದಲನೇ ಪಾಠವೇ ಅದು, ಹೇಳೀ ಹೇಳೀ ನಾಲಿಗೆ ಸವೆದಿದೆ, ಬೆಳಿಗ್ಗೆ ಮಾತ್ರ ಕೈ ಮರೆತುಬಿಟ್ಟಿತು.

ಬೆಳಿಗ್ಗೆ ಅವಳು ಇಲ್ಲಿರಲಿಲ್ಲ, ಮೈ ಇತ್ತು, ಬ್ಲೀಚಿಂಗ್ ನೀರಲ್ಲಿ ಕಾಲದ್ದಿ ಒಳಗೆ ಬಂದಿದ್ದಳು, ಮೇಲಿನ ಅಟ್ಟಣೆಯಲ್ಲಿ ಅಲ್ಲೊಂದು ಇಲ್ಲೊಂದು ಎದ್ದು ಸುಕ್ಕು ಮೈ ಎಳೆದುಕೊಂಡು ಸೊಪ್ಪು ಹುಡುಕುತ್ತಿದ್ದವು, ಅಯ್ಯೋ ಹಸಿದಿವೆ ಅಂದುಕೊಂಡಳು, ಅಷ್ಟೇ, ಅಷ್ಟರಲ್ಲಿ ಮನಸ್ಸು ಯಾವುದೋ ವಿಮಾನದ ಕಿಟಕಿಯ ಹತ್ತಿರ ಕೂತಿತ್ತು, ಮಗಳು ಪ್ರಿಯಾಂಕಳಿಗೆ ಕಿಟಕಿ ಸೀಟು, ಗಂಡನಿಗೆ ನಡುವೆ, ರುವಾಂಡಾದಲ್ಲಿ ಚಳಿಯಂತೆ, ಸ್ವೆಟರ್ ಇವೆಯಾ, ಸ್ಕೂಲಲ್ಲಿ ಇಂಗ್ಲಿಷಂತೆ, ಕನ್ನಡ ಯಾರು ಹೇಳಿಕೊಡುತ್ತಾರೆ — ಕೈ ತನ್ನ ಪಾಡಿಗೆ ಬುಟ್ಟಿಯಿಂದ ಸೊಪ್ಪು ತೆಗೆದು ಹರಡುತ್ತಿತ್ತು, ಒಂದು ಅಟ್ಟಣೆ, ಅದರ ಕೆಳಗಿನದು, ಅದರ ಕೆಳಗಿನದು. ಬುಟ್ಟಿ ಹಿಡಿದು ನಿಂತವನು ನಾಗರಾಜ್. ಗಂಡ. ಅವಳಿಗಿಂತ ಮುಂಚಿನಿಂದ ಈ ಹುಳದ ಮನೆಯಲ್ಲಿ ಬೆಳೆದವನು, ಜ್ವರಕ್ಕೆ ಹೋದ ಹುಳವನ್ನು ಬಾಗಿಲಲ್ಲಿ ನಿಂತು ವಾಸನೆಯಲ್ಲೇ ಹೇಳುವವನು, ಬುಟ್ಟಿ ಖಾಲಿಯಾದಾಗ ಇನ್ನೊಂದು ಬುಟ್ಟಿ ತಂದುಕೊಟ್ಟ. ಮಧ್ಯಾಹ್ನ ಕೇಂದ್ರದಿಂದ ಬಂದು ಎಲೆ ಎತ್ತಿ ನೋಡಿದರೆ ಅಡಿಯಲ್ಲೆಲ್ಲ ಜ್ವರದ ಹುಳ, ಹೊರಗೆ ಬಂದು ಕೇಳಿದಳು, ನಿಮ್ಗೆ ಕಾಣಿಸ್ಲಿಲ್ವಾ, ಅವನು ನಲ್ಲಿಯ ಹತ್ತಿರ ಕಾಲು ತೊಳೆಯುತ್ತಾ, ಕಾಣಿಸ್ತು, ಅಂದ. ಮತ್ಯಾಕೆ ಹೇಳ್ಲಿಲ್ಲ. ನೀನ್ ಮಾಡ್ತಿದೀಯಲ್ಲ, ಏನೋ ಲೆಕ್ಕ ಇರ್ಬೇಕು ಅಂದ್ಕೊಂಡೆ, ನಿಂಗೊತ್ತಿಲ್ದಿದ್ದು ನಂಗೇನ್ ಗೊತ್ತು. ಕುಹಕವಿರಲಿಲ್ಲ ಆ ಮಾತಿನಲ್ಲಿ, ಇದ್ದಿದ್ದರೆ ಚೆನ್ನಾಗಿತ್ತು, ಜಗಳವಾಡಬಹುದಿತ್ತು, ಜಗಳಕ್ಕಾದರೂ ಇಬ್ಬರು ಬೇಕಲ್ಲ.

ಇನ್ನೊಂದು ಎಲೆ, ಈ ಎಲೆಯ ಮೇಲೆ ಎದ್ದ ಹುಳ ಕರಕರ ತಿನ್ನುತ್ತಿದೆ, ಎಲೆ ಸಮೇತ ಎತ್ತಿ ಪಕ್ಕದ ಖಾಲಿ ಅಟ್ಟಣೆಗೆ ಇಡು, ಕೆಳಗೆ ಮಲಗಿರುವುದನ್ನು ಹಾಗೇ ಬಿಡು, ಎದ್ದದ್ದು ಅಲ್ಲಿಗೆ, ಮಲಗಿದ್ದು ಇಲ್ಲಿ, ಎತ್ತಿದ ತಲೆ, ಎತ್ತಿದ ತಲೆ, ಒಂದೂ ಈ ಕಡೆ ನೋಡುವುದಿಲ್ಲ. ಕೇಂದ್ರಕ್ಕೆ ಬಂದಿದ್ದ ಹೆಂಗಸೊಬ್ಬಳು ಮೊದಲ ದಿನ ಕೇಳಿದ್ದಳು, ಇವು ಸತ್ತಿವೆಯಾ ಅಂತ ಕೈಸನ್ನೆಯಲ್ಲಿ, ರುವಾಂಡಾದಿಂದ ತರಬೇತಿಗೆ ಬಂದ ಗುಂಪಿನಲ್ಲಿ ಎತ್ತರದವಳು, ನಗುವಾಗ ಇಡೀ ಭುಜ ನಗುತ್ತಿತ್ತು, ಶೈಲಜಾ ತನ್ನ ತಲೆಯನ್ನೇ ಹಿಂದಕ್ಕೆತ್ತಿ ಕಣ್ಣು ಮುಚ್ಚಿ ಹುಳದ ಹಾಗೆ ನಿಂತು ತೋರಿಸಿದಳು, ಆಮೇಲೆ ಚರ್ಮ ಕಳಚುವ ಹಾಗೆ ಶಾಲು ಜಾರಿಸಿ ಕಣ್ಣು ಬಿಟ್ಟಳು, ಇಡೀ ಗುಂಪು ಚಪ್ಪಾಳೆ ತಟ್ಟಿತು, ಅಷ್ಟು ಜನ ಅವಳಿಗೆ ಚಪ್ಪಾಳೆ ತಟ್ಟಿದ್ದು ಮದುವೆಯಲ್ಲೂ ಇಲ್ಲ. ಮೊಬೈಲಿನಲ್ಲಿ ಊರು ತೋರಿಸಿದ್ದಳು ಆ ಹೆಂಗಸು, ಬೆಟ್ಟದ ಹಿಂದೆ ಬೆಟ್ಟ, ನಂದಿ ಬೆಟ್ಟವನ್ನು ಹಾಸಿ ಮಡಿಚಿಟ್ಟ ಹಾಗೆ, ಕೆಂಪು ಮಣ್ಣು ಮಾತ್ರ ಇಲ್ಲಿಯದೇ, ಇದೇ ಕೆಂಪು. ಅವರು ಹೋದ ಮೇಲೆ ತಿಂಗಳುಗಳು ಕಳೆದು ಸಂಘಮಿತ್ರ ಮೇಡಂ ಫೋನು, ಬೆಂಗಳೂರಿನಲ್ಲಿದ್ದು ರುವಾಂಡಾದ ರೇಷ್ಮೆ ಕಂಪನಿಗೆ ಜನ ಆರಿಸಿ ಕಳಿಸುವವರು, ನಿಮ್ಮನ್ನೇ ಕೇಳ್ತಿದಾರೆ ಶೈಲಜಾ, ಹುಳ ಸಾಕೋ ವಿಭಾಗ ಪೂರ್ತಿ ನಿಮ್ಮ ಕೈಗೆ, ಮನೆ ಅವರದು, ಮಗಳ ಸ್ಕೂಲ್ ಅವರದು, ನಿಮ್ಮವರಿಗೆ ತೋಟದಲ್ಲಿ ಕೆಲಸ, ಸಂಬಳ ಇಲ್ಲಿ ನೀವು ಕನಸಲ್ಲಿ ಕಂಡಿರಲ್ಲ, ಆದ್ರೆ ಕುಟುಂಬ ಸಮೇತ ಬರ್ಬೇಕು, ಒಂಟಿಯಾಗಿ ಬಂದೋರು ನಿಲ್ಲಲ್ಲ, ಮನೆ ಮನೆ ಅಂತ ಓಡಿ ಬಂದ್ಬಿಡ್ತಾರೆ. ನಿನ್ನೆ ಮತ್ತೆ ಮಾಡಿದ್ದರು. ನಾಳೆ ಸಂಜೆ ಕೊನೆ ಕಣ್ರೀ, ಹೂಂ ಅಂದ್ರೆ ಹೂಂ, ಇಲ್ಲ ಅಂದ್ರೆ ಮುಂದಿನೋರನ್ನ ಕೇಳ್ಬೇಕು. ನಾಳೆ ಅಂದರೆ ಇವತ್ತು.

ಹೋಗಬೇಕು ಅಂತಿದೆ. ಸುಳ್ಳು ಯಾಕೆ, ಇಲ್ಲಿ ಯಾರಿದ್ದಾರೆ ಕೇಳೋಕೆ, ಹುಳ ತಾನೇ, ಹೋಗಬೇಕು ಅಂತ ಹೊಟ್ಟೆಯೊಳಗಿಂದ ಇದೆ, ದುಡ್ಡಿಗಷ್ಟೇ ಅಲ್ಲ, ಆ ಬೆಟ್ಟಕ್ಕೆ, ಆ ಚಪ್ಪಾಳೆಗೆ, ಒಂದು ಮನೆಯ ಬಾಗಿಲ ಮೇಲೆ ತನ್ನ ಹೆಸರಿರುವುದಕ್ಕೆ. ಆದರೆ ಒಬ್ಬರಾದರೂ ಒಂದು ಮಾತು ಆಡಬಾರದಾ, ಬಾ ಹೋಗಣ ಅಂತಲೋ, ಬೇಡ ಕಣೇ ಅಂತಲೋ. ಗಂಡನಿಗೆ ಹೇಳಿದ ದಿನ ಅವನು ಮುದ್ದೆ ಮುರಿಯುತ್ತಿದ್ದ, ಮುರಿದದ್ದನ್ನು ಸಾರಿಗೆ ಅದ್ದಿ, ನುಂಗಿ, ಆಮೇಲೆ, ನಿನ್ನಿಷ್ಟ ಕಣಮ್ಮ, ಅಂದ. ನಿಮಗೆ ಹೇಗನ್ನಿಸುತ್ತೆ ಅಂದರೆ, ನಂಗೇನು, ಎಲ್ಲಿದ್ರೂ ಸೊಪ್ಪು ಕೊಯ್ಯೋದೇ. ಚಿಕ್ಕಬಳ್ಳಾಪುರದಲ್ಲಿ ಚಿಕ್ಕ ಮಗನ ಮನೆಯಲ್ಲಿ ಮೊಮ್ಮಕ್ಕಳ ಗಲಾಟೆಯಲ್ಲಿ ಹಾಯಾಗಿರುವ ಅತ್ತೆ ಅಮ್ಮಾಜಮ್ಮನಿಗೆ ಫೋನ್ ಮಾಡಿದರೆ, ಅದೇನ್ ಊರಮ್ಮ ಅದು, ಬಾಯಿ ತಿರುಗಲ್ಲ, ಅಲ್ಲಿ ರಾಗಿ ಸಿಕ್ಕುತ್ತಂತಾ, ಕೇಳ್ಕೊಂಡ್ಯಾ, ಎಂದು ನಕ್ಕು, ಆಮೇಲೆ ಗಂಟಲು ಸರಿಮಾಡಿಕೊಂಡು ತೆಲುಗಿಗೆ ಹೊರಳಿ, ನೀ ಇಷ್ಟಂ ತಲ್ಲೀ, ನಿನ್ನಿಷ್ಟ ತಾಯಿ, ಅಂದಳು, ಸೊಸೆಯನ್ನು ತಲ್ಲೀ ಅಂದದ್ದು ಅದೇ ಮೊದಲು. ಹಡೆದ ತಾಯಿಯೇ ಅಂದಂತಾಯಿತು, ಆದರೂ ಆ ಮಾತು ಬಾಗಿಲು ಮುಂದಕ್ಕೆಳೆದ ಸದ್ದೇ ಮಾಡಿತು. ಮಗಳು ಪ್ರಿಯಾಂಕ — ಒಂಬತ್ತನೇ ಕ್ಲಾಸು, ಶಿಡ್ಲಘಟ್ಟದ ಸ್ಕೂಲು, ಒಂದು ಕಾಲದಲ್ಲಿ ಇದೇ ಅಟ್ಟಣೆಗಳ ಅಡಿ ಮಲಗುತ್ತಿದ್ದವಳು ಈಗ ಹೊಸಲು ದಾಟುವುದಿಲ್ಲ, ಯೂನಿಫಾರ್ಮಿಗೆ ಹುಳದ ವಾಸನೆ ಹತ್ತುತ್ತೆ ಅಂತ ಸೆಂಟು ಹಾಕಿಕೊಳ್ಳುತ್ತಾಳೆ, ಸೆಂಟು ಹಾಕಿಕೊಂಡವರನ್ನು ಹುಳದ ಮನೆಗೆ ಬಿಡುವುದೂ ಇಲ್ಲ, ಹಾಗಾಗಿ ತಾಯಿ ಮಗಳ ಮಾತೆಲ್ಲ ಹೊಸಲಿನ ಎರಡು ಕಡೆ ನಿಂತುಕೊಂಡು — ಅವಳನ್ನು ಕೇಳಿದರೆ, ಓಕೆ ಮಮ್ಮಿ, ಯು ಡಿಸೈಡ್. ಅಷ್ಟೇ. ರಾತ್ರಿ ಯಾಕೆ ಅವಳ ದಿಂಬು ಒದ್ದೆ ಅಂತ ಕೇಳಲಿಲ್ಲ ಶೈಲಜಾ, ಎಣ್ಣೆ ಸ್ನಾನ ಮಾಡಿದ್ದಳು, ಕೂದಲ ನೀರಿರಬಹುದು, ಇರಬಹುದು ಅಂತ ಬಿಟ್ಟಳು.

ಎಂಥ ವಿಚಿತ್ರ, ಮದುವೆಯ ಕಾಲಕ್ಕೆ ಇದೇ ಒಂದು ಮಾತಿಗೆ ಎಷ್ಟು ಕಾದಿದ್ದಳು, ತವರೂರು ಕೆಂಚಾರ್ಲಹಳ್ಳಿಯ ಮನೆಯ ತೊಟ್ಟಿಯ ಮುಂದೆ ಮಾವಂದಿರು ಚಿಕ್ಕಪ್ಪಂದಿರು ಚಾಪೆ ಹಾಸಿ ಕೂತು ಹುಡುಗ ಯಾರು, ಯಾವ ತಿಂಗಳು, ಎಷ್ಟು ಜನಕ್ಕೆ ಊಟ ಎಲ್ಲಾ ತೀರ್ಮಾನ ಮಾಡಿ ಎದ್ದರು, ಒಬ್ಬರೂ ನಿನ್ನಿಷ್ಟ ಏನಮ್ಮ ಅನ್ನಲಿಲ್ಲ, ಅವಳು ಅಡಿಗೆ ಮನೆಯ ಕಿಟಕಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು, ಕಾಫಿ ಆರಿತು. ಈಗ ಊರಿಗೆ ಊರೇ ನಿನ್ನಿಷ್ಟ ಅನ್ನುತ್ತಿದೆ, ಆಗ ಬೇಕಾಗಿದ್ದು ಈಗ ಬುಟ್ಟಿಗಟ್ಟಲೆ ಬಂದು ಮೈಮೇಲೆ ಬಿದ್ದಿದೆ, ಒದ್ದೆ ಎಲೆಯ ಹಾಗೆ. ನಾಳೆ ಅಲ್ಲಿ ಹೋಗಿ ಮಗಳು ಬಾಡಿದರೆ ನಿನ್ನಿಷ್ಟ. ಇವರು ಭಾಷೆ ಬರದೆ ಯಾರದೋ ತೋಟದಲ್ಲಿ ಮೂಕರಾಗಿ ನಿಂತರೆ ನಿನ್ನಿಷ್ಟ. ಹೋಗದೆ ಇಲ್ಲೇ ಉಳಿದು ಮಗಳು ದೊಡ್ಡವಳಾಗಿ ಯಾಕಮ್ಮ ಆಗ ಹೋಗ್ಲಿಲ್ಲ ಅಂದರೆ, ಅದೂ. ಒಂದೂ ಹೆಗಲು ಕೊಡುವ ಮಾತಲ್ಲ, ತಲೆಯ ಮೇಲೆ ಹೊರೆ ಎತ್ತಿಟ್ಟು ಹಿಂದೆ ಸರಿದು ನಿಲ್ಲುವ ಮಾತು. ಅಪ್ಪ ಇದ್ದಿದ್ದರೆ ಬೈಯುತ್ತಿದ್ದ. ಅಪ್ಪ ಆವಲಪ್ಪ, ಜನ ಹೆದರುತ್ತಿದ್ದ ಬಾಯಿ ಅವನದು. ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಜ್ವರದ ಅಟ್ಟಣೆಯಲ್ಲಿ ಒಂದೇ ಒಂದು ಹುಳ ಎದ್ದು ತಲೆ ಆಡಿಸುತ್ತಿತ್ತು, ಪಾಪ ಅಂತ ಲಂಗದಲ್ಲಿ ಬಚ್ಚಿಟ್ಟು ಒಂದು ಹಿಡಿ ಸೊಪ್ಪು ತಂದು ಹಾಕಿದ್ದಳು, ಅಪ್ಪ ಹಿಂದೆ ನಿಂತಿದ್ದ, ಹೊಡೆಯುತ್ತಾನೆ ಅಂದುಕೊಂಡರೆ ಕೂತುಕೊಂಡ, ಪಕ್ಕದಲ್ಲಿ, ಇಬ್ಬರೂ ಒಂದೊಂದೇ ಎಲೆ ಎತ್ತಿದರು, ಎದ್ದಿರೋದು ಒಂದ್ ಹೊತ್ತು ಕಾದ್ರೆ ಸಾಯಲ್ಲ ಕಣಮ್ಮ, ಮಲ್ಗಿರೋದ್ರ ಮೇಲೆ ಸೊಪ್ಪು ಹೊದಿಸ್ದ್ರೆ ಅದು ಏಳೋದೇ ಇಲ್ಲ, ಎದ್ರೂ ಹಿಂದೆ ಬೀಳುತ್ತೆ, ಅಷ್ಟೊತ್ತಿಗೆ ಉಳಿದವು ಗೂಡು ಕಟ್ತಿರ್ತವೆ, ಅಂದ.

ಈಗ ಪಕ್ಕದಲ್ಲಿ ಯಾರೂ ಕೂತಿಲ್ಲ. ನಾಗರಾಜ್ ತೋಟಕ್ಕೆ ಹೋಗಿದ್ದಾನೆ, ಹೋಗುವಾಗ ಕಿಟಕಿಯ ಪರದೆಯ ಆಚೆ ಒಂದು ಗಳಿಗೆ ನಿಂತ, ಅವನ ನೆರಳು ಅಟ್ಟಣೆಯ ಮೇಲೆ ಬಿತ್ತು, ನಾನೂ ಬರ್ಲಾ ಅನ್ನುತ್ತಾನೇನೋ ಎಂದು ಅವಳು ಕೈ ನಿಲ್ಲಿಸಿದಳು, ನೆರಳು ಹೋಯಿತು. ಎದ್ದವನ್ನು ಬೇರೆ ಮಾಡಿಟ್ಟರೆ ಬೆಳೆ ಉಳಿಯುತ್ತದೆ, ನಿಜ, ಆದರೆ ಇನ್ನುಮುಂದೆ ಇವಕ್ಕೊಂದು ಹೊತ್ತು ಮೇವು, ಅವಕ್ಕೊಂದು ಹೊತ್ತು, ಇವು ಹಣ್ಣಾಗಿ ಗೂಡು ಕಟ್ಟಲು ಹೊರಟಾಗ ಅವು ಇನ್ನೂ ತಿನ್ನುತ್ತಿರುತ್ತವೆ, ಒಂದೇ ಸೂರಿನಡಿ ಎರಡು ಬೆಳೆ. ಈ ಮನೆಯ ಹಾಗೆ. ಅವಳೊಬ್ಬಳು ಎದ್ದು ಮೈ ಸುಕ್ಕು ಬಿಡಿಸಿಕೊಂಡು ಹಸಿದು ಸೊಪ್ಪು ಸೊಪ್ಪು ಅಂತ ತಡಕುತ್ತಿದ್ದಾಳೆ, ಅವರಿಬ್ಬರೂ ತಲೆ ಎತ್ತಿ ಕಲ್ಲಾಗಿ ಕೂತಿದ್ದಾರೆ, ಒಳಗೆ ಏನು ನಡೆಯುತ್ತಿದೆ, ಹಳೇ ಚರ್ಮ ಬಿಡುತ್ತಿದೆಯಾ, ಬಿಗಿಯುತ್ತಿದೆಯಾ, ಹೊರಗಿನಿಂದ ಯಾರಿಗೆ ಗೊತ್ತಾಗುತ್ತೆ, ಕಲ್ಲಾಗಿರುವಾಗಲೇ ಒಳಗೆ ಜಾಸ್ತಿ ಕೆಲಸ ನಡೆಯುತ್ತಿರುತ್ತದೆ ಅಂತ ಎಲ್ಲರಿಗೂ ಪಾಠ ಹೇಳಿದವಳು ತಾನೇ, ಹೂಂ ಅಂದುಬಿಡುವುದೆಂದರೆ ಅವರ ಮೇಲೆ ಸೊಪ್ಪು ಹೊದಿಸುವುದು, ಬೆಳಿಗ್ಗೆ ಮಾಡಿದ ಹಾಗೆ, ಒಳ್ಳೆಯದಕ್ಕೇ, ಹಸಿವಿಗೇ, ಬುಟ್ಟಿ ಬುಟ್ಟಿ. ಇಲ್ಲ ಅಂದರೆ ಅದನ್ನೂ ತಾನೊಬ್ಬಳೇ ಅಂದಂತೆ. ಮತ್ತೊಂದು ಎಲೆ, ತೊಟ್ಟು ಹಿಡಿದು ಮೆಲ್ಲಗೆ, ಅದರಡಿ ಮತ್ತದೇ ತಲೆ.

ರೋಡಿನಲ್ಲಿ ಸ್ಕೂಲ್ ಬಸ್ಸು ನಿಂತ ಸದ್ದು, ಗೇಟು, ಚಪ್ಪಲಿ, ಬ್ಯಾಗು ಜಗಲಿಗೆ ಬಿದ್ದ ಸದ್ದು, ಗಾಳಿಯಲ್ಲಿ ಸೆಂಟಿನ ಎಳೆಯೊಂದು ಬಂತು, ಅಲ್ಲೇ ನಿಲ್ಲಮ್ಮ ಅನ್ನುವ ಮೊದಲೇ ಪ್ರಿಯಾಂಕ ಹೊಸಲಾಚೆ ನಿಂತಿದ್ದಳು, ಜಗಲಿಯ ಮೇಲಿಟ್ಟಿದ್ದ ತಾಯಿಯ ಮೊಬೈಲು ಅವಳ ಕೈಯಲ್ಲಿ ಹೊಡೆದುಕೊಳ್ಳುತ್ತಿತ್ತು. ಮಮ್ಮಿ, ಆ ಮೇಡಂ. ಶೈಲಜಾ ಕೈ ನೋಡಿಕೊಂಡಳು, ಮೊಣಕೈವರೆಗೆ ಸುಣ್ಣ, ತೊಳೆದುಕೊಂಡು ಬರಬಹುದು, ನಲ್ಲಿ ಎಷ್ಟು ದೂರ, ಕಿವಿಗೆ ಹಿಡಿ ಅನ್ನಬಹುದು, ಸೆಂಟಾದರೇನು ಒಂದು ಗಳಿಗೆ ಒಳಗೆ ಬಾ ಅನ್ನಬಹುದು, ಹೂಂ ಅನ್ನೋಕೆ ಎಷ್ಟು ಹೊತ್ತು ಬೇಕು. ಮುಂದಿನೋರನ್ನ ಕೇಳ್ತಾರೆ. ಕೇಳಲಿ ಅಂತ ಅಂದುಕೊಳ್ಳುವಾಗ ಆ ಬೆಟ್ಟಗಳೆಲ್ಲ ಒಂದರ ಹಿಂದೊಂದು ಕುಸಿದವು, ಆದರೂ ಅವಳು ಕೈಯಲ್ಲಿದ್ದ ಎಲೆಯನ್ನು ಪಕ್ಕಕ್ಕಿಟ್ಟು ಹೇಳಿದಳು, ನಾನೊಬ್ಳೇ ಹೂಂ ಅನ್ನಲ್ಲಮ್ಮ. ನಂಗೆ ಹೋಗಬೇಕು ಅಂತಿದೆ, ನೀನ್ ಕೇಳ್ಲಿಲ್ಲ, ಆದ್ರೂ ಹೇಳ್ದೆ. ಈಗ ನಿಂದು ಹೇಳು. ಮೇಡಂಗೇ ಹೇಳು, ನಂಗ್ ಹೇಳು, ಸುಮ್ನೆ ನಿನ್ನಿಷ್ಟ ಅನ್ಬೇಡ.

ಫೋನು ಹೊಡೆದುಕೊಳ್ಳುತ್ತಿದೆ, ಇಲ್ಲಿಯವರೆಗೆ ಯಾವತ್ತೂ ಇಷ್ಟು ಹೊತ್ತು ಹೊಡೆದುಕೊಂಡಿರಲಿಲ್ಲ ಅನ್ನಿಸುತ್ತದೆ, ಪಕ್ಕದ ಅಟ್ಟಣೆಯಲ್ಲಿ ಎದ್ದವುಗಳ ಕರಕರ, ಈ ಕಡೆಯದರಲ್ಲಿ ಏನೂ ಸದ್ದಿಲ್ಲ, ಮಗಳು ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ, ಒಂದು ಕಾಲು ಹೊಸಲ ಮೇಲಿಡುತ್ತಾಳೆ, ಕಾಯಬೇಕು, ಎಲೆ ಹಾಕಬಾರದು, ಒಂದು ಎಲೆಯನ್ನೂ, ಒಂದು ಹೊತ್ತು ಕಾದರೆ ಸಾಯಲ್ಲ ಕಣಮ್ಮ, ಬಾಗಿಲ ಬೆಳಕಿನಲ್ಲಿ ಮಗಳು, ಹೊಸಲಿನ ಆಚೆಯೂ ಅಲ್ಲ ಈಚೆಯೂ ಅಲ್ಲ, ಕೈಯಲ್ಲಿ ಫೋನು, ಅಲ್ಲಾಡದೆ, ಎತ್ತಿದ ತಲೆ