ಟ್ರಂಕಿನ ತಗಡು

ಚಿಕ್ಕೇರೂರಿನ ನಾಗಪ್ಪನಿಗೆ ಹೊಲ ಇತ್ತು, ಎತ್ತು ಇದ್ದವು, ಜೀವ ಮಾತ್ರ ತನ್ನ ಮೋಟಾರು ಗಾಡಿಯ ಮೇಲೆ. ಲಡಾಯಿ ಶುರುವಾಗಿ ಪೆಟ್ರೋಲು ಸಿಗದಂತಾದಾಗ ಆ ಹಳೆಯ ಗಾಡಿಯನ್ನು ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿದ. ಬೇರೆಲ್ಲಾದರೂ ನಿಲ್ಲಿಸಿದರೆ ಜನರ ದೃಷ್ಟಿ ತಾಗುತ್ತದೆ ಅಂತೆ. ಎರಡು ವರ್ಷ ಗಂಜಲದ ಹಸಿಯಲ್ಲಿ ನಿಂತ ಕಬ್ಬಿಣಕ್ಕೆ ಏನಾಗಬೇಕೋ ಅದೇ ಆಯಿತು. ತಳದ ತಗಡು ತುಕ್ಕು ತಿಂದು ಉದುರಿ, ಹತ್ತಿ ಕೂತರೆ ಕಾಲ ಕೆಳಗೆ ಸಗಣಿ ಕಾಣುತ್ತಿತ್ತು.

ಲಡಾಯಿಯ ಕಾಲದಲ್ಲಿ ತಗಡು ಎಲ್ಲಿಂದ ಬರಬೇಕು? ಹೆಂಡತಿ ಮಾದೇವಿ ತವರಿನಿಂದ ತಂದ ಟ್ರಂಕನ್ನೇ ಕೊಟ್ಟಳು. ಪುಕ್ಕಟೆ ಅಲ್ಲ. ಅವಳ ಅವ್ವ ಹಾನಗಲ್ಲಿನಲ್ಲಿ ಲಕ್ವಾ ಹೊಡೆದು, ಸೊಸೆಯ ಬೈಗುಳ ತಿನ್ನುತ್ತ ಮಲಗಿದ್ದಳು. ಎತ್ತಿನ ಚಕ್ಕಡಿಯ ಕುಲುಕಾಟವನ್ನು ಆ ಮೈ ತಾಳುವಂತಿರಲಿಲ್ಲ.

"ಗಾಡಿ ಓಡಿದ ದಿನ ಮೊದಲ ಅವ್ವನ್ನ ಕರ್ಕೊಂಡು ಬರೂದು. ನಿಮ್ಮ ಮೆರವಣಿಗಿ ಆಮ್ಯಾಲ," ಎಂದು ಮಾದೇವಿ ಮಾತು ತೆಗೆದುಕೊಂಡಿದ್ದಳು.

ನಾಗಪ್ಪ ಇಟ್ಟಂಗಿ ಚೂರಿನಿಂದ ತುಕ್ಕು ಉಜ್ಜಿದ. ತಗಡು ಕತ್ತರಿಸಿ, ಮೊಳೆ ಬಡಿದು ಕೂಡಿಸಿದ. ಅಗಸೆ ಎಣ್ಣೆಯಲ್ಲಿ ದೀಪದ ಮಸಿ ಕಲಸಿ ಬಳಿದ. ಅವನು ಬಡಿಯುವಾಗ ಕೆಳಗೆ ಕೂತು ತಗಡನ್ನು ಒತ್ತಿ ಹಿಡಿದವಳು ಮಾದೇವಿ. ರೇಷನ್ ಚೀಟಿ ಸಿಕ್ಕಿ ಪೆಟ್ರೋಲೂ ತುಂಬಿಸಿದ. ನಾಳೆ ಹಾನಗಲ್ಲಿಗೆ ಹೊರಡಬೇಕು ಎನ್ನುವಾಗ ನೆರೆಮನೆಯ ಚೌಡಪ್ಪ ಏದುಸಿರು ಬಿಡುತ್ತ ಬಂದ.

"ನಾಗಪ್ಪಾ, ಮಿಲ್ಟ್ರಿಗಂತ ಮೋಟಾರ್ ಹಿಡಿಯಾಕತ್ತಾರ. ಹಿರೇಕೆರೂರಾಗ ಎರಡು ಒಯ್ದು ಈಗ ಇಲ್ಲಿಗೆ ಬರಾಕತ್ತಾರ. ಕೆಟ್ಟಿದ್ದು ಇದ್ರ ಬಿಟ್ಟು ಹೊಕ್ಕಾರಂತ."

ಮಾದೇವಿ ಗಂಡನ ಮುಖ ನೋಡುತ್ತ ನಿಲ್ಲಲಿಲ್ಲ. ಬಾನೆಟ್ಟಿಗೆ ಕೆಂಪು ಮಣ್ಣು ಮೆತ್ತಿದಳು, ಒಳಗೆಲ್ಲ ಒಣ ಸಗಣಿಯ ಕುಳ್ಳು ತುಂಬಿದಳು. ನಾಗಪ್ಪ ತನ್ನ ಮುಖಕ್ಕೇ ಸಗಣಿ ಬಳಿಸಿಕೊಂಡವನಂತೆ ನಿಂತಿದ್ದ.

"ನೀವು ಬಾಯಿ ಬಿಡಬ್ಯಾಡ್ರಿ," ಎಂದಳು. "ನಿಮ್ಮ ದೊಡ್ಡಸ್ತಿಕಿ ನಂಗ ಗೊತ್ತೇತಿ."

ಮೋಟಾರು ಹಿಡಿಯುವ ಸಾಹೇಬ ಬಂದ, ಜೊತೆಗೊಬ್ಬ ಡ್ರೈವರ್. ಮೂಗಿಗೆ ಕರವಸ್ತ್ರ ಹಿಡಿದು ಗಾಡಿಯ ಸುತ್ತ ತಿರುಗಿದ. ಅವನು ಎರಡು ಕುಳ್ಳು ಸರಿಸಿ ಒಳಗೆ ಬಗ್ಗಿದ.

"ಗುಜರಿ ಮಾಲು," ಎಂದು ಡ್ರೈವರನಿಗೆ ಹೇಳಿ ತಿರುಗಿದ.

ನಾಗಪ್ಪ ಹಲ್ಲು ಕಚ್ಚಿ ಸುಮ್ಮನಿದ್ದ. ಮಾದೇವಿಗೇ ಆಶ್ಚರ್ಯವಾಯಿತು. ಸಾಹೇಬ ಬಾಗಿಲು ದಾಟುತ್ತ ನಕ್ಕ.

"ಯಾವನೋ ಕುಡುಕ ತಗಡಿನ ತ್ಯಾಪಿ ಹಚ್ಚ್ಯಾನ ನೋಡು. ಕಾಲಿಟ್ರ ಕೆಳಗ ಬೀಳ್ತೀವಿ."

"ಬೀಳೂದಿಲ್ರಿ."

ಹೇಳಿದವಳು ಮಾದೇವಿ.

"ನಮ್ಮವ್ರು ಕುಡಿಯೂದಿಲ್ಲ. ಅವರು ಬಡಿಯುವಾಗ ನಾ ಕೆಳಗ ಕುಂತು ತಗಡು ಹಿಡದೇನಿ. ಹತ್ತಿ ನಿಂತು ನೋಡ್ರಿ ಬೇಕಾದ್ರ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಸಾಹೇಬ ಮರಳಿ ಬಂದಿದ್ದ. ಕುಳ್ಳು ಹೊರಗೆ ಹಾಕಿಸಿ, ಹತ್ತಿ, ಬೂಟುಗಾಲಿನಿಂದ ಧಡಧಡ ತುಳಿದ. ತಗಡು ಒಂದಿಷ್ಟೂ ಜಗ್ಗಲಿಲ್ಲ. ನಾಗಪ್ಪನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಡ್ರೈವರನಿಗೆ ಹ್ಯಾಂಡಲ್ ತಿರುಗಿಸಲು ಹೇಳಿದ.

ಗಾಡಿ ಮೊದಲ ಸಲಕ್ಕೇ ಶುರುವಾಯಿತು.

ಸಾಹೇಬ ಅದನ್ನು ಒಯ್ದು, ಧೂಳು ಕೂತ ಮೇಲೆ ಮಾದೇವಿ ಅಂಗಳದಲ್ಲೇ ಕುಸಿದು ಕೂತಳು.

"ಬೈರಿ ನನ್ನ," ಎಂದಳು.

ನಾಗಪ್ಪ ಪಕ್ಕದಲ್ಲಿ ಕೂತ. "ಏನಂತ ಬೈಲಿ? ನೀ ಅನ್ನದಿದ್ರ ನಾ ಅಂತಿದ್ನಿ."

ಮಾದೇವಿಗೆ ನಗು ಬಂದಂತಾಯಿತು, ಬಂದದ್ದು ಅಳು.

"ಅವ್ವಗ ಏನಂತ ಹೇಳೂದ್ರಿ?"

ನಾಗಪ್ಪ ಎದ್ದು, ಹೊರಗೆ ಬಿದ್ದಿದ್ದ ಕುಳ್ಳನ್ನು ಒಂದೊಂದಾಗಿ ಆರಿಸತೊಡಗಿದ.