ಸ್ಟೆಪ್ನಿ ಹಿಂದಿನ ಸಾಲು

ಸಮಸ್ತ ನಾಗರಿಕರಿಗೆ, ವಾಹನ ಮಾಲೀಕರಿಗೆ ಹಾಗೂ ಅವರನ್ನು ಹಿಂಬಾಲಿಸುವವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಬೆಳ್ಳಿಯಪ್ಪನವರ ಜೀಪಿನ ಹಿಂಭಾಗದಲ್ಲಿ ಓದಲು ಏನೂ ಕಾಣಿಸುವುದಿಲ್ಲ.

ಕಳಸದ ಬಸ್ ಸ್ಟ್ಯಾಂಡಿನ ಪಕ್ಕದ ಶೆಡ್ಡಿಗೆ ಈ ಬೋರ್ಡನ್ನು ಬರೆದು ನೇತುಹಾಕಿದವನು ಪೇಂಟರ್ ದಯಾನಂದ. ಊರಿನ ಯಾವ ಜೀಪಿನ ಬೆನ್ನ ಮೇಲೆ ಯಾವ ಮಾತಿದ್ದರೂ ಅದು ಅವನ ಸ್ವಂತ ರಚನೆ. ‘ಹಾರ್ನ್ ಹೊಡಿ, ಹಾರ ಹಾಕಿಸ್ಕೋಬೇಡ’ ಅವನದು. ‘ಏರು ಬಂದರೆ ಏದುಸಿರು, ಇಳಿಜಾರಲ್ಲಿ ದೇವರ ಹೆಸರು’ ಕೂಡ ಅವನದೇ. ಒಂದು ಸಾಲಿಗೆ ವಾರಗಟ್ಟಲೆ ತಿಣುಕುತ್ತಿದ್ದ. ಬ್ರಷ್ ಒಣಗಿದರೂ ಪ್ರಾಸ ಒಣಗಬಾರದು ಎನ್ನುವವರ ಪೈಕಿ.

ಕಷ್ಟ ಶುರುವಾದದ್ದು ಎದುರುಗಡೆ ಅರುಣ್ ಸ್ಟಿಕ್ಕರ್ ಅಂಗಡಿ ತೆರೆದ ಮೇಲೆ. ದಯಾನಂದ ಬೆಳಿಗ್ಗೆ ಬರೆದದ್ದನ್ನು ಅರುಣ್ ಮಧ್ಯಾಹ್ನ ಫೋನಿನಲ್ಲಿ ಹಿಡಿದು, ಸಂಜೆಗೆ ರೇಡಿಯಂ ಸ್ಟಿಕ್ಕರ್ ಮಾಡಿ ಮಾರುತ್ತಿದ್ದ. ಒಮ್ಮೆ ಬಣಕಲ್‌ನಲ್ಲಿ ಬಸ್ಸಿಳಿದ ದಯಾನಂದ ನೋಡುತ್ತಾನೆ, ಅವನ ‘ಹಾರ್ನ್ ಹೊಡಿ’ ಸಾಲು ಅಲ್ಲಿ ನಿಂತ ಆಟೋಗಳ ಮೇಲೆಲ್ಲ ಇದೆ. ಒಂದು ಮೀನಿನ ಗಾಡಿಯ ಮೇಲೂ ಇತ್ತು.

“ನಿಮ್ ಮಾತು ಬಣಕಲ್ ತನಕ ಹೋಗಿದೆ ಅಂದ್ರೆ ಖುಷಿ ಪಡ್ಬೇಕಪ್ಪ,” ಎಂದಳು ಹೆಂಡತಿ ಪವಿತ್ರಾ.

“ಮಾತು ಹೋಗಿದೆ, ನನ್ ಹೆಸ್ರು ಹೋಗಿಲ್ಲ. ಬರ್ದೋನು ಯಾರು ಅಂತ ಆ ಬಂಗುಡೆಗೂ ಗೊತ್ತಿಲ್ಲ.”

ದಾರಿ ತೋರಿಸಿದವರು ಕಾಫಿ ಪ್ಲಾಂಟರ್ ಹರ್ಷವರ್ಧನ. ತಮ್ಮ ಹೋಂಸ್ಟೇಗೆ ಬೋರ್ಡ್ ಬರೆಸಲು ಬಂದವರು ಅವನ ಗೋಳನ್ನು ಪೂರ್ತಿ ಕೇಳಿಸಿಕೊಂಡರು.

“ನೋಡು ದಯಾನಂದ, ನಮ್ ತೋಟದ ಕಾಫಿ ಮೂಟೇಲಿ ಇದ್ರೆ ಯಾರೂ ಮೂಸಿ ನೋಡಲ್ಲ. ಅದನ್ನೇ ಅಂಗೈಯಗಲ ಪ್ಯಾಕೆಟ್‌ಗೆ ಹಾಕಿ, ಈ ವರ್ಷಕ್ಕೆ ಇಷ್ಟೇ ಅಂತ ಬರೀತೀನಿ. ಗೆಸ್ಟ್‌ಗಳು ಕಿತ್ತಾಡ್ಕೊಂಡು ತಗೊಂಡ್ ಹೋಗ್ತಾರೆ.”

“ಅಷ್ಟೂ ಖಾಲಿ ಆದ್ಮೇಲೆ ಏನ್ಮಾಡ್ತೀರಿ?”

“ಮೂಟೆ ಇದ್ಯಲ್ಲ ಮಾರಾಯ. ನೀನು ಹೋಗೋರಿಗೆ ಬರೋರಿಗೆಲ್ಲ ಕಾಣೋ ಹಂಗೆ ಬರೀತೀಯ, ಅದೇ ನಿನ್ ತಪ್ಪು. ಬಚ್ಚಿಟ್ಟು ನೋಡು.”

ದಯಾನಂದ ಬಚ್ಚಿಟ್ಟ. ಬೆಳ್ಳಿಯಪ್ಪನ ಜೀಪು ಕಳಸದಿಂದ ಸಂಸೆಗೆ ದಿನವಿಡೀ ಓಡಾಡುವ ಹಳೇ ಗಾಡಿ. ಅದರ ಹಿಂಬಾಗಿಲಿಗೆ ಸ್ಟೆಪ್ನಿ ಚಕ್ರ ಬಿಗಿದಿರುತ್ತದೆ. ಚಕ್ರ ಬಿಚ್ಚಿಸಿ, ಅದರ ಹಿಂದಿನ ತಗಡಿನ ಮೇಲೆ ದುಂಡಗೆ ಒಂದು ಹೊಸ ಸಾಲು ಬರೆದು, ಬಣ್ಣ ಒಣಗಿದ ಮೇಲೆ ಚಕ್ರವನ್ನು ಮತ್ತೆ ಬಿಗಿಸಿದ. ಎರಡು ಷರತ್ತು ಹಾಕಿದ. ಟೈರು ಪಂಚರ್ ಆಗಿ ಸ್ಟೆಪ್ನಿ ಬಿಚ್ಚಲೇಬೇಕಾಗಿ ಬಂದಾಗ ಮಾತ್ರ ಓದಬಹುದು. ಆಗ ಎಲ್ಲರ ಫೋನೂ ಬಾನೆಟ್ ಮೇಲಿರಬೇಕು.

ಮೊದಲ ಪಂಚರ್‌ನಲ್ಲಿ ಸಾಲನ್ನು ಕಂಡವಳು ತೋಟದ ಕೆಲಸಕ್ಕೆ ಹೊರಟಿದ್ದ ಅಂಜನಮ್ಮ. ಸಂಜೆ ಪೇಟೆಯಲ್ಲಿ ಎಲ್ಲರೂ ಅವಳನ್ನು ಮುತ್ತಿಕೊಂಡರು.

“ಏನ್ ಬರ್ದಿದೆ ಅಂಜನಮ್ಮ?”

“ಹೇಳ್ಬಾರ್ದಂತೆ. ಆದ್ರೆ ಹೌದು ಅನ್ಸತ್ತೆ.”

ಇಷ್ಟು ವಿಮರ್ಶೆ ಸಾಕಾಯಿತು. ಮರುದಿನದಿಂದ ಸಂಸೆಯಲ್ಲಿ ಏನೂ ಕೆಲಸವಿಲ್ಲದವರೂ ಸಂಸೆಗೆ ಹೊರಟರು. ಹತ್ತುವ ಮೊದಲು ಟೈರಿಗೆ ಕಾಲಿನಿಂದ ಒದ್ದು ನೋಡಿ, ಸವೆದಿದೆ ಎಂದು ಖಾತ್ರಿಯಾದರೆ ಸಮಾಧಾನದಿಂದ ಕೂರುತ್ತಿದ್ದರು. ಸ್ಟೆಪ್ನಿಯ ಅಡಿಯಲ್ಲಿ ಒಂದು ಒತ್ತಕ್ಷರದ ಬಾಲ ಮಾತ್ರ ಇಣುಕುತ್ತಿತ್ತು. ಅದು ಯಾವ ಒತ್ತು ಎಂಬ ಚರ್ಚೆಯಲ್ಲಿ ಹೋಟೆಲಿನವರ ಕಾಫಿ ಎರಡು ಪಾಲು ಖರ್ಚಾಯಿತು. ಹೊಸ ಟೈರ್ ಹಾಕಿಸು ಎಂದವರಿಗೆ ಬೆಳ್ಳಿಯಪ್ಪ, “ಸಾಹಿತ್ಯಕ್ಕೆ ತೊಂದ್ರೆ ಆಗತ್ತೆ,” ಎನ್ನುತ್ತಿದ್ದ. ಅರುಣ್ ಅಂಗಡಿ ಮುಚ್ಚಿ ವಾರವಿಡೀ ಜೀಪಿನಲ್ಲಿ ಕುಳಿತ. ಅವನು ಇಳಿದ ದಿನವೇ ಪಂಚರ್ ಆಯಿತು.

ಬ್ಯಾಂಕ್ ಮ್ಯಾನೇಜರ್ ಚಂದ್ರಶೇಖರ ಅವರೇ ಶೆಡ್ಡಿಗೆ ಬಂದು, “ಒಂದ್ ನಿಮಿಷ ಸ್ಟೆಪ್ನಿ ಬಿಚ್ಚಿಸಿ ತೋರ್ಸಪ್ಪ,” ಎಂದರು.

“ಪಂಚರ್ ಆಗದೆ ಬಿಚ್ಚಿದ್ರೆ ಅದು ಬೋರ್ಡ್ ಆಗತ್ತೆ ಸಾರ್. ದೇವರಾಣೆ ತೋರ್ಸಲ್ಲ.”

ಮ್ಯಾನೇಜರಿಗೇ ಇಲ್ಲ ಎಂದ ಸುದ್ದಿಗೆ ದಯಾನಂದನ ಗತ್ತು ಕುದುರೆಮುಖದ ಎತ್ತರಕ್ಕೆ ಹೋಯಿತು. ಬೇರೆ ಜೀಪಿನವರು ಬಂದು ಕೇಳಿದರೆ, ಹೊಸ ಸಾಲು ಹುಟ್ಟಿಲ್ಲ, ಕಾಯಿರಿ ಎಂದು ಕಳಿಸುತ್ತಿದ್ದ. ಬಣಕಲ್‌ನ ಆಟೋದವರಿಗೂ ಈಗ ಅವನ ಹೆಸರು ಗೊತ್ತು.

ಆಗ ಹರ್ಷವರ್ಧನ ಮತ್ತೆ ಬಂದರು. ಗೆಸ್ಟ್‌ಗಳನ್ನು ಗುಡ್ಡ ಹತ್ತಿಸಲು ಆರು ಹೊಸ ಜೀಪು ತರಿಸಿದ್ದರು.

“ಆರಕ್ಕೂ ನಿನ್ನ ಸಾಲು ಬೇಕು. ಹಿಂಬಾಗಿಲಿಗೆ ‘ಒಳಗಿದೆ ದಯಾನಂದರ ರಚನೆ’ ಅಂತ ಹಿತ್ತಾಳೆ ಪಟ್ಟಿ ಹೊಡಿಸ್ತೀನಿ. ಜನಕ್ಕೆ ಹಿಡಿಸಿದ್ರೆ ಪ್ರತಿ ಸೀಸನ್ನಿಗೂ ಹೊಸದು ಬರೀಬೇಕು, ಹೆಸ್ರು ಹಾಕ್ಕೊಂಡೇ. ಷರತ್ತು ಮಾತ್ರ ಸಡಿಲ ಆಗ್ಬಾರ್ದು.”

ತನ್ನ ಹೆಸರು ಹಿತ್ತಾಳೆಯಲ್ಲಿ. ಅರುಣ್‌ನ ಯಾವ ಮೆಷೀನೂ ಕತ್ತರಿಸಲಾರದ ಹಿತ್ತಾಳೆ. ದಯಾನಂದ ಬೇರೆಲ್ಲ ಕೆಲಸ ಬಿಟ್ಟ. ಶೆಡ್ಡಿನ ಬಾಗಿಲು ಹಾಕಿಕೊಂಡು, ಆಯುಷ್ಯದ ಅತ್ಯುತ್ತಮ ಆರು ಸಾಲು ಹೊಸೆದು, ಆರೂ ಜೀಪಿನ ಸ್ಟೆಪ್ನಿ ಹಿಂದೆ ಬರೆದ. ಪವಿತ್ರಾಗೂ ಓದಿ ಹೇಳಲಿಲ್ಲ.

“ನಂಗೆ ಹೇಳಿದ್ರೆ ಏನಾಗತ್ತೆ?”

“ನಿಂಗೆ ಪಂಚರ್ ಆಗಿಲ್ವಲ್ಲ.”

ಮೊದಲ ಸವಾರಿಗೆ ಹರ್ಷವರ್ಧನ ಅವನನ್ನೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದ. ಹಿಂದೆ ಬೆಂಗಳೂರಿನ ಗೆಸ್ಟ್‌ಗಳು ದಾರಿಯುದ್ದಕ್ಕೂ ಕಲ್ಲು ಕಂಡಾಗಲೆಲ್ಲ, “ಅದ್ರ ಮೇಲೆ ಹತ್ತಿಸಿ,” ಎಂದು ಡ್ರೈವರ್ ಪುಟ್ಟಸ್ವಾಮಿಯನ್ನು ಪೀಡಿಸಿದರು. ಗುಡ್ಡದ ಅರ್ಧದಲ್ಲಿ ಎಲ್ಲರ ಹರಕೆಯೂ ಒಟ್ಟಿಗೆ ಫಲಿಸಿತು. ಹಿಂದಿನ ಎಡಚಕ್ರ ಉಸ್ಸೆಂದಿತು.

ಗೆಸ್ಟ್‌ಗಳು ಚಪ್ಪಾಳೆ ಹೊಡೆದರು. ಹೇಳುವ ಮೊದಲೇ ಫೋನುಗಳು ಬಾನೆಟ್ ಮೇಲೆ ಸಾಲಾಗಿ ಕುಳಿತವು. ದಯಾನಂದ ಕೂದಲು ಸರಿಮಾಡಿಕೊಂಡು ಹಿಂಬಾಗಿಲ ಪಕ್ಕ ನಿಂತ. ಪುಟ್ಟಸ್ವಾಮಿ ಒಂದು ಪುಟ್ಟ ಡಬ್ಬಿ ಹಿಡಿದು ಬಂದು, ಪಂಚರಾದ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತ.

“ಜಾಕ್ ಎಲ್ಲಿ?” ಎಂದ ದಯಾನಂದ.

“ಜಾಕ್ ಯಾಕಣ್ಣ, ಟ್ಯೂಬ್‌ಲೆಸ್ ಟೈರಲ್ವಾ?” ಪುಟ್ಟಸ್ವಾಮಿ ಮೊಳೆ ಕಿತ್ತು, ತೂತಿಗೆ ಅಂಟಿನ ದಾರ ತುರುಕಿ, ಪುಟ್ಟ ಪಂಪಿನಿಂದ ಗಾಳಿ ತುಂಬಿಸಿದ. “ಚಕ್ರ ಬಿಚ್ಚೋ ಕೆಲಸಾನೇ ಇಲ್ಲ. ಹತ್ತಿ ಎಲ್ರೂ.”

ಗೆಸ್ಟ್‌ಗಳು ದಯಾನಂದನನ್ನು ನೋಡಿದರು. ಅವರಲ್ಲೊಬ್ಬಳು, ರಕ್ಷಾ ಎಂಬ ಹುಡುಗಿ, “ಪಂಚರ್ ಆಯ್ತಲ್ಲ ಅಂಕಲ್, ಸುಮ್ನೆ ಬಿಚ್ಚಿ ತೋರ್ಸಿ,” ಎಂದಳು.

ದಯಾನಂದನ ಕೈ ಸ್ಟೆಪ್ನಿಯ ನಟ್ಟಿನ ತನಕ ಹೋಯಿತು.

“ಪಂಚರ್ ಆಗಿದೆ,” ಎಂದ ತಡವರಿಸುತ್ತ. “ಆದ್ರೆ ಬಿಚ್ಚಲೇಬೇಕಾಗಿ ಬಂದಿಲ್ಲ. ಮ್ಯಾನೇಜರಿಗೇ ಇಲ್ಲ ಅಂದಿದೀನಿ. ದೇವರಾಣೆ ಬೇರೆ ಹಾಕಿದೀನಿ.”

ಗೆಸ್ಟ್‌ಗಳು ತಮ್ಮ ತಮ್ಮ ಫೋನು ತೆಗೆದುಕೊಂಡು ಬೆಟ್ಟದ ಫೋಟೋ ಹೊಡೆಯತೊಡಗಿದರು. ಹರ್ಷವರ್ಧನ ಅವನನ್ನು ಪಕ್ಕಕ್ಕೆ ಕರೆದರು.

“ಆರೂ ಜೀಪು ಟ್ಯೂಬ್‌ಲೆಸ್ಸೇ ದಯಾನಂದ. ಹಿಂಗಾದ್ರೆ ನಿನ್ನ ಸಾಲನ್ನ ಯಾರ್ ಯಾವಾಗ ಓದ್ತಾರೆ?”

ದಯಾನಂದ ಬಗ್ಗಿ ಹೊಸ ಟೈರನ್ನು ಒತ್ತಿ ನೋಡಿದ. “ಆರಕ್ಕೂ ಹಳೇ ಟ್ಯೂಬ್ ಟೈರ್ ಹಾಕಿಸಿಬಿಡೋಣ ಸಾರ್. ಸವೆದಿರೋದು ಬೆಳ್ಳಿಯಪ್ಪನೇ ಕೊಡ್ತಾನೆ.”

“ಕೊಟ್ಟಾನು. ಆದ್ರೆ ಕಂಪ್ನಿ ಟೈರ್ ಬದಲಾಯಿಸಿದ್ರೆ ಜೀಪಿನ ವಾರಂಟಿ ಹೋಗತ್ತೆ ಮಾರಾಯ,” ಎಂದರು ಹರ್ಷವರ್ಧನ.